ಪಾಕದಕ್ಕನ ಬಾಟಲಿಗಳು

ನನ್ನ ಹೆಂಡತಿಯ ಅಕ್ಕ ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ನಿಂತವಳು. ಪೆಪ್ಪರ್‌ಮಿಂಟ್ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ, ಸೊಂಟದೆತ್ತರದ ತಾಮ್ರದ ಕಡಾಯಿಯಲ್ಲಿ, ದಿನಕ್ಕೆ ಹದಿನಾಲ್ಕು ಸಲ ಸಕ್ಕರೆ ಪಾಕ ಇಳಿಸುವುದು ಅವಳ ಕೆಲಸ. ಕಾರ್ಖಾನೆಯವರು ಅವಳನ್ನು ಪಾಕದಕ್ಕ ಎನ್ನುತ್ತಿದ್ದರು. ಕೊನೆಕೊನೆಗೆ ಅವಳ ಸ್ವಂತ ತಂಗಿಯೂ ಹಾಗೇ ಕರೆಯತೊಡಗಿದಳು.

ಆ ಕೋಣೆಗೆ ನಾನೊಮ್ಮೆ ಹೋಗಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಡಾಯಿಯ ಪಕ್ಕದಲ್ಲಿ ಉಷ್ಣಮಾಪಕ ತೂಗುಹಾಕಿದ್ದರು, ಅದರ ಗಾಜಿನ ಮೇಲೆ ವರ್ಷಗಳ ಸಕ್ಕರೆ ಆವಿ ಮೆತ್ತಿಕೊಂಡು ಅಂಕಿಗಳೇ ಕಾಣುತ್ತಿರಲಿಲ್ಲ. ಅವಳು ಅದರ ಕಡೆ ನೋಡುತ್ತಲೂ ಇರಲಿಲ್ಲ. ತಲೆ ಓರೆ ಮಾಡಿ ಗುಳ್ಳೆಗಳ ಸದ್ದು ಕೇಳುತ್ತಿದ್ದಳು. ನೀರು ಹೆಚ್ಚಿದ್ದಾಗ ಗುಳ್ಳೆ ಹಗುರಾಗಿ ಚಿಟಿಚಿಟಿ ಎನ್ನುತ್ತದೆ, ನೀರು ಹೋದಂತೆಲ್ಲ ದಪ್ಪಗಾಗಿ ಸೋಮಾರಿಯಂತೆ ಪ್ಲಪ್ ಪ್ಲಪ್ ಎನ್ನುತ್ತದೆ. ಹದ ಬಂದಿತೆಂದು ಅನಿಸಿದಾಗ ಸೌಟಿನ ತುದಿಯಿಂದ ಒಂದು ಹನಿ ತಣ್ಣೀರಿಗೆ ಬಿಡುತ್ತಿದ್ದಳು. ಎಳೆಯಾದರೆ ಇನ್ನೂ ಹೊತ್ತಿದೆ, ಉಂಡೆಯಾದರೂ ಹೊತ್ತಿದೆ, ಟಕ್ ಎಂದು ಮುರಿದರೆ ಇಳಿಸು. ನಾನು ಉಷ್ಣಮಾಪಕ ಒರೆಸಿ ನೋಡಿದೆ. ನೂರೈವತ್ತು ಡಿಗ್ರಿ, ಒಂದು ಕೂದಲು ಆಚೆ ಈಚೆ ಇಲ್ಲ.

ಅವಳ ಕೆಲಸದ ಇಪ್ಪತ್ತಮೂರನೆಯ ವರ್ಷಕ್ಕೆ ಹೊಸ ಮೇಲ್ವಿಚಾರಕ ಬಂದ. ಬಂದವನೇ ಎಲ್ಲದರಲ್ಲೂ ಉಳಿತಾಯ ಹುಡುಕಿದ. ಪಾಕಕ್ಕೆ ಬೀಳುತ್ತಿದ್ದ ಹುಳಿಯ ಪುಡಿ ಅವನ ಕಣ್ಣಿಗೆ ಬಿತ್ತು. ನಿಂಬೆಯಲ್ಲಿರುವ ಹುಳಿಯೇ ಅದು. ಕಡಾಯಿಗೆ ಒಂದು ಚಮಚೆ, ಅಷ್ಟೇ. ರುಚಿಗೆ ಬೇಕಾದ ಹುಳಿಯನ್ನು ಆಮೇಲೆ ಹೇಗೂ ಬೆರೆಸುತ್ತೇವಲ್ಲ, ಕುದಿಯುವಾಗ ಯಾಕೆ ದಂಡ, ಎಂದು ಅದನ್ನು ನಿಲ್ಲಿಸಿಬಿಟ್ಟ. ಅವಳು ಬೇಡವೆಂದಳು. ಕಾರಣ ಕೇಳಿದ. ಕಾರಣ ಅವಳಿಗೆ ಗೊತ್ತಿರಲಿಲ್ಲ, ಕೈಗೆ ಮಾತ್ರ ಗೊತ್ತಿತ್ತು.

ಮೂರು ವಾರಕ್ಕೆ ಅಂಗಡಿಗಳಿಂದ ಡಬ್ಬಿಗಳು ವಾಪಸು ಬರತೊಡಗಿದವು. ಗಾಜಿನಂತೆ ಹೊಳೆಯಬೇಕಾದ ಪೆಪ್ಪರ್‌ಮಿಂಟು ಸೀಮೆಸುಣ್ಣದ ತುಂಡಿನಂತೆ ಬೆಳ್ಳಗಾಗಿ, ಬಾಯಲ್ಲಿಟ್ಟರೆ ಮರಳಿನಂತೆ ಉದುರುತ್ತಿತ್ತು. ಮೇಲ್ವಿಚಾರಕ ಅವಳನ್ನು ಕಚೇರಿಗೆ ಕರೆಸಿ, ಟೈಪ್ ಮಾಡಿದ ಒಂದು ಹಾಳೆ ಮುಂದಿಟ್ಟ. ಪಾಕದ ಹದ ತಪ್ಪಿದ್ದು ನನ್ನ ಅಜಾಗರೂಕತೆಯಿಂದ, ಕ್ಷಮಿಸಬೇಕು ಎಂದು ಅದರಲ್ಲಿ ಬರೆದಿತ್ತು.

"ಸೈನ್ ಮಾಡಿ ಕೆಲಸಕ್ಕೆ ಹೋಗಿ," ಎಂದ.

"ತಪ್ಪು ನನ್ನದಾಗಿದ್ರೆ ನೀವು ಹೇಳೋಕ್ಮುಂಚೆ ಬರೆದುಕೊಡ್ತಿದ್ದೆ. ನನ್ನದಲ್ಲ."

"ಮತ್ತೆ ಯಾರದು?"

"ಆ ಚಮಚೆಯದು. ಅದನ್ನ ತೆಗೆದೋರು ಯಾರು ಅಂತ ನಿಮಗೇ ಗೊತ್ತು."

ಸೈನ್ ಮಾಡದಿದ್ದರೆ ನಾಳೆಯಿಂದ ಬರಬೇಡಿ ಎಂದ. ಅವಳು ನಾಳೆಯವರೆಗೂ ಕಾಯಲಿಲ್ಲ. ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಆ ಹಾಳೆಯ ಮೇಲೇ ಇಟ್ಟು ಬಂದಳು.

ಗಂಡ ತೀರಿಹೋಗಿ ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಸುದ್ದಿ ತಿಳಿದು ನಾವಿಬ್ಬರೂ ಓಡಿಹೋದೆವು. ನನ್ನ ಹೆಂಡತಿ ಮೆಟ್ಟಿಲಿನಿಂದಲೇ ಶುರು ಮಾಡಿದಳು.

"ಒಂದು ಸೈನ್ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಗಂಟು ಹೋಗ್ತಿರಲಿಲ್ಲ. ಮುಖ ಹೋಗ್ತಿತ್ತು." ನನ್ನ ಕಡೆ ತಿರುಗಿದಳು. "ನೀವು ಹೇಳಿ ಮೇಷ್ಟ್ರೇ. ಹುಳಿ ಇಲ್ಲದೆ ಪಾಕ ಯಾಕೆ ಮರಳಾಗುತ್ತೆ? ಆ ಮನುಷ್ಯ ಕೇಳಿದಾಗ ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಅದೊಂದೇ ನನಗೆ ಉರೀತಿರೋದು."

ಹಳೆಯ ಪತ್ರಿಕೆಯ ಅಂಚಿನಲ್ಲಿ ಬರೆದು ತೋರಿಸಿದೆ. ನಾವು ಸಕ್ಕರೆ ಎನ್ನುವುದಕ್ಕೆ ಪುಸ್ತಕದ ಹೆಸರು ಸುಕ್ರೋಸ್. ಹಸಿರು ಗಿಡಗಳೆಲ್ಲ ಇದನ್ನು ಮಾಡುತ್ತವೆ. ಎಲೆ ಬಿಸಿಲಿನಲ್ಲಿ ದುಡಿದದ್ದನ್ನು ಬೇರಿಗೂ ಕಾಂಡಕ್ಕೂ ಕಳಿಸುವುದು ಹೆಚ್ಚಾಗಿ ಈ ರೂಪದಲ್ಲೇ. ಕಬ್ಬು ಅದನ್ನು ಜಲ್ಲೆಯಲ್ಲಿ ಕೂಡಿಡುತ್ತದೆ, ಬೀಟು ಗೆಡ್ಡೆಯಲ್ಲಿ. ಎಲ್ಲಿಂದ ತೆಗೆದರೂ ವಸ್ತು ಒಂದೇ. ಇದರ ಒಂದೊಂದು ಕಣವೂ ಒಂದು ಜೋಡಿ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೈಹಿಡಿದು ನಿಂತ ಜೋಡಿ. ಎಲ್ಲ ಜೋಡಿಗಳೂ ಒಂದೇ ಅಚ್ಚಿನವು, ಹಾಗಾಗಿ ಬಿಸಿ ಆರುವಾಗ ಸಾಲುಸಾಲಾಗಿ ಕೂತು ಹರಳಾಗುತ್ತವೆ. ಹುಳಿ ಹಾಕಿ ಕುದಿಸಿದರೆ ಕೆಲವು ಜೋಡಿಗಳ ಕೈ ಬಿಟ್ಟುಹೋಗುತ್ತದೆ. ಬಿಡಿಯಾದವು ಸಾಲಿನ ನಡುವೆ ನುಗ್ಗುತ್ತವೆ. ಸಾಲು ಕಟ್ಟಲಾಗದೆ ಪಾಕ ಇದ್ದದ್ದು ಇದ್ದ ಹಾಗೆಯೇ ಗಟ್ಟಿಯಾಗುತ್ತದೆ. ಅದು ಹರಳಲ್ಲ, ಗಾಜು.

ಅವಳು ಅಂಚಿನ ಚಿತ್ರವನ್ನು ತುಂಬ ಹೊತ್ತು ನೋಡಿದಳು. "ಅಂದ್ರೆ ನಾನು ಇಪ್ಪತ್ತೆರಡು ವರ್ಷ ಗಂಡ ಹೆಂಡಿರ ಮಧ್ಯೆ ಜಗಳ ಹಚ್ಚಿ ಸಂಬಳ ತಗೊಂಡಿದ್ದೀನಿ."

"ಸ್ವಲ್ಪ ಜನರ ಮಧ್ಯೆ ಮಾತ್ರ. ಎಲ್ಲರದ್ದೂ ಮುರಿದ್ರೆ ಪಾಕ ಅಂಟಂಟಾಗಿ ಕೂತುಬಿಡುತ್ತೆ."

"ಅದು ಗೊತ್ತು. ಎರಡು ಚಮಚೆ ಹಾಕಿ ಒಂದ್ಸಲ ಬೈಸಿಕೊಂಡಿದ್ದೆ."

ಮರುದಿನ ನನ್ನಿಂದ ಅದನ್ನೇ ದೊಡ್ಡ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿದಳು. ಕೆಳಗೆ ತನ್ನ ಸೈನ್ ಹಾಕಿದಳು. ಬೆಳಗಿನ ಪಾಳಿಗೆ ಜನ ಬರುವ ಹೊತ್ತಿಗೆ ಸರಿಯಾಗಿ ಹೋಗಿ ಕಾರ್ಖಾನೆಯ ಗೇಟಿಗೆ ಅಂಟಿಸಿದಳು. ಅಂಟಿಗೆ ಬಳಸಿದ್ದೂ ಸಕ್ಕರೆ ಪಾಕವೇ. ಕಾವಲುಗಾರ ಕಿತ್ತುಹಾಕಲು ಹೋದರೆ ಹಾಳೆ ಚೂರುಚೂರಾಗಿ ಬಂತು, ಅರ್ಧ ಗೇಟಿನಲ್ಲೇ ಉಳಿಯಿತು. ಹತ್ತು ದಿನದ ಮೇಲೆ ಹುಳಿಯ ಪುಡಿ ಕಡಾಯಿಗೆ ವಾಪಸು ಬಂದಿತೆಂದು ಒಳಗಿನವರು ಹೇಳಿಕಳಿಸಿದರು. ಅವಳನ್ನು ಮಾತ್ರ ಯಾರೂ ಕರೆಯಲಿಲ್ಲ.

ನಾಲ್ಕು ತಿಂಗಳು ಹಾಗೇ ಹೋಯಿತು. ಆಗ ನಮ್ಮ ಶಾಲೆಯ ಎದುರಿನ ಸಭಾಂಗಣಕ್ಕೆ ಒಂದು ನಾಟಕ ಕಂಪನಿ ಬಂತು. ಅವರ ರಂಗ ವ್ಯವಸ್ಥಾಪಕ ಒಂದು ಮಧ್ಯಾಹ್ನ ನನ್ನನ್ನು ಹುಡುಕಿಕೊಂಡು ಬಂದ. ಅವರ ಆಟದಲ್ಲಿ ಒಬ್ಬನ ತಲೆಯ ಮೇಲೆ ಬಾಟಲಿ ಒಡೆಯಬೇಕಂತೆ. ಪೆಟ್ಟಾಗದ ಗಾಜು ನಿಮ್ಮ ವಿಜ್ಞಾನದಲ್ಲಿ ಇದೆಯಾ ಎಂದು ಕೇಳಿದ. ಇದೆ, ಸಕ್ಕರೆಯದು, ಎಂದು ಜಂಬದಿಂದ ಹೇಳಿ ಒಪ್ಪಿಕೊಂಡೆ.

ಎರಡು ಸಂಜೆ ಶಾಲೆಯ ಪ್ರಯೋಗಾಲಯದಲ್ಲಿ ಹೆಣಗಿದೆ. ಮೊದಲನೆಯದು ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂತು. ಎರಡನೆಯದು ಅಚ್ಚಿನಿಂದ ಎದ್ದು ಬರಲೇ ಇಲ್ಲ. ಮೂರನೆಯದು ಬಾಟಲಿಯಂತೆ ನಿಂತಿತು, ನೋಡುನೋಡುತ್ತ ಒಂದು ಪಕ್ಕಕ್ಕೆ ವಾಲಿ ಕುಳಿತುಕೊಂಡಿತು. ನನ್ನ ಹೆಂಡತಿ ಊಟದ ಡಬ್ಬಿ ತಂದಾಗ ಜೊತೆಗೆ ಅಕ್ಕನೂ ಬಂದಿದ್ದಳು. ಬಾಗಿಲಲ್ಲೇ ನಿಂತು ನನ್ನ ಸಾಹಸವನ್ನೆಲ್ಲ ನೋಡಿದಳು.

"ಮೇಷ್ಟ್ರೇ, ಇದು ಬಾಟಲಿನೋ, ಜ್ವರ ಬಂದ ಬದನೆಕಾಯಿನೋ?"

ಸೆರಗು ಬಿಗಿದು ಒಳಗೆ ಬಂದಳು. ಆ ಸಂಜೆಯಿಂದ ಆ ಕೆಲಸ ಅವಳದಾಯಿತು, ನಾನು ಬರ್ನರ್ ಹೊತ್ತಿಸುವವನಾದೆ.

ಅವಳು ಪ್ಲಾಸ್ಟರಿನಲ್ಲಿ ಎರಡು ಹೋಳಿನ ಅಚ್ಚು ಮಾಡಿಕೊಂಡಳು. ಒಳಗೆ ಎಣ್ಣೆ ಸವರಿ, ಅಚ್ಚನ್ನು ಬೆಚ್ಚಗೆ ಮಾಡಿ, ಪಾಕ ಹುಯ್ದು, ಮಗುವನ್ನು ತೂಗುವಂತೆ ತೂಗಿ ತಿರುಗಿಸಿ, ಗೋಡೆಗೆ ಅಂಟಿದಷ್ಟನ್ನು ಬಿಟ್ಟು ಮಿಕ್ಕದ್ದನ್ನು ಬಸಿಯುತ್ತಿದ್ದಳು. ಉಳಿಯುವುದು ಬೆರಳುಗುರಿನ ದಪ್ಪದ ಚಿಪ್ಪು. ಬೆಳಕಿಗೆ ಹಿಡಿದರೆ ಗಾಜಲ್ಲ ಎಂದು ನನಗೂ ಹೇಳಲಾಗುತ್ತಿರಲಿಲ್ಲ. ಆದರೆ ಅದಕ್ಕೆ ತೇವ ಕಂಡರಾಗದು. ಸಕ್ಕರೆ ನೀರಿಗಾಗಿ ಹಾತೊರೆಯುವ ವಸ್ತು. ಜಾಮು ಕೆಡದಿರುವುದು ಕೂಡ ಈ ಗುಣದಿಂದಲೇ, ಕ್ರಿಮಿಗಳಿಗೆ ಸಿಗಬೇಕಾದ ನೀರನ್ನೆಲ್ಲ ಸಕ್ಕರೆ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ಬಾಟಲಿ ಮಾತ್ರ ಗಾಳಿಯ ತೇವ ಕುಡಿದು ಅರ್ಧ ದಿನದಲ್ಲಿ ಬೆವರುತ್ತದೆ. ಆಮೇಲೆ ಮೆತ್ತಗಾಗುತ್ತದೆ. ಅದಕ್ಕೆಂದು ತಗಡಿನ ಡಬ್ಬಿಗಳ ತಳದಲ್ಲಿ ಸುಟ್ಟ ಸುಣ್ಣದ ಗಟ್ಟಿಗಳನ್ನು ಹಾಕಿ, ಮೇಲೆ ಬಟ್ಟೆ ಹಾಸಿ ಬಾಟಲಿ ಇಡುತ್ತಿದ್ದಳು. ತೇವವನ್ನೆಲ್ಲ ಸುಣ್ಣ ಹೀರಿಕೊಳ್ಳುತ್ತಿತ್ತು. ಇರುವೆಗಳದ್ದು ಬೇರೆ ಕತೆ. ಒಂದು ಬೆಳಿಗ್ಗೆ ಡಬ್ಬಿ ತೆರೆದರೆ ಬಾಟಲಿಯ ಕುತ್ತಿಗೆಯೇ ಇರಲಿಲ್ಲ.

ಮೊದಲ ಪ್ರಯೋಗದ ದಿನ ಏಟು ತಿನ್ನಬೇಕಾದ ನಟ ಬೆವೆತುಹೋಗಿದ್ದ. ಏನೂ ಆಗಲ್ಲ ನಿಂತ್ಕೋ ಎಂದು ವ್ಯವಸ್ಥಾಪಕ ಹೇಳುತ್ತಿದ್ದ. "ನಿಮಗೇನು, ತಲೆ ನನ್ನದು," ಎಂದು ನಟ ಗೊಣಗಿದ. ಪಾಕದಕ್ಕ ಡಬ್ಬಿಯಿಂದ ಒಂದು ಬಾಟಲಿ ತೆಗೆದು, ಯಾರಿಗೂ ಏನೂ ಹೇಳದೆ, ತನ್ನ ನೆತ್ತಿಯ ಮೇಲೆ ಹೊಡೆದುಕೊಂಡಳು. ಚೂರುಗಳು ಭುಜದ ಮೇಲಿಂದ ಜರಜರನೆ ಇಳಿದವು. ಒಂದು ಚೂರನ್ನು ಹೆಕ್ಕಿ ಅವನ ಕೈಗಿತ್ತಳು.

"ತಿನ್ನಿ. ಹೆದರಿಕೆಗೆ ಒಳ್ಳೇದು."

ಅಂದಿನಿಂದ ಅದು ಅವಳ ಕಟ್ಟಳೆಯಾಯಿತು. ಒಂದು ಕಡಾಯಿಯಿಂದ ಎಷ್ಟು ಬಾಟಲಿ ಬಂದರೂ ಮೊದಲನೆಯದು ಅವಳ ತಲೆಗೆ. ಬೇರೆ ಕಂಪನಿಗಳು ಬಂದವು, ಆಮೇಲೆ ಸಿನಿಮಾದವರು ಬಂದರು. ಬಾಟಲಿಯ ಜೊತೆ ಲೋಟ, ಹೂದಾನಿ, ಕಿಟಕಿಯ ಗಾಜು. ಎಂಟು ವರ್ಷದಲ್ಲಿ ಅವಳ ನೆತ್ತಿಯ ಮೇಲೆ ಒಡೆದ ಬಾಟಲಿಗಳಿಗೆ ಲೆಕ್ಕವಿಲ್ಲ. ತಲೆಗೂದಲಿನಲ್ಲಿ ಸಿಕ್ಕಿಕೊಂಡ ಚೂರು ತೆಗೆಯುತ್ತ ನನ್ನ ಹೆಂಡತಿ, "ಇವಳ ತಲೆ ಬಾಚೋದಲ್ಲ, ನೆಕ್ಕೋದು ಸರಿ," ಎನ್ನುತ್ತಿದ್ದಳು. ಇದರ ನಡುವೆ ಡಾಕ್ಟರು ಅವಳಿಗೆ ಸಕ್ಕರೆ ಕಾಯಿಲೆ ಇದೆಯೆಂದರು. ಸಕ್ಕರೆಯಿಂದ ದೂರ ಇರಿ ಎಂದರು. "ತಿನ್ನೋದು ಬಿಡ್ತೀನಿ ಡಾಕ್ಟ್ರೇ. ದೂರ ಇರೋದು ಆಗಲ್ಲ," ಎಂದು ಎದ್ದುಬಂದಳು. ಮಾತಿಗೆ ತಪ್ಪಲಿಲ್ಲ. ಅಂದಿನಿಂದ ಚಹಾ ಕೂಡ ಸಕ್ಕರೆಯಿಲ್ಲದೆ ಬರಿದೇ ಕುಡಿದಳು.

ಸ್ಟುಡಿಯೋಗಳಲ್ಲಿ ಅವಳಿಗೆ ಹತ್ತಿರವಾದವನೆಂದರೆ ಬೋಳಣ್ಣ. ಐವತ್ತು ದಾಟಿದ ಸ್ಟಂಟ್ ನಟ. ನಾಯಕರ ಕೈಯಲ್ಲಿ ಏಟು ತಿಂದು ಬೀಳುವುದೇ ಅವನ ಜೀವನ. ಬಾಟಲಿ ಒಡೆಯುವ ದೃಶ್ಯಕ್ಕೆಲ್ಲ ಅವನೇ ಬೇಕು, ಬೋಳು ತಲೆಯ ಮೇಲೆ ಚೂರು ಸಿಡಿಯುವುದು ಚೆನ್ನಾಗಿ ಕಾಣುತ್ತದಂತೆ. "ನನ್ನ ತಲೆ ಅಕ್ಕನ ಕೈಗೆ ಬರೆದುಕೊಟ್ಟಿದ್ದೀನಿ," ಎನ್ನುತ್ತಿದ್ದ.

ಆ ಮಳೆಗಾಲದಲ್ಲಿ ಒಬ್ಬ ದೊಡ್ಡ ನಿರ್ದೇಶಕನ ಚಿತ್ರಕ್ಕೆ ಅವಳನ್ನು ಕರೆದರು. ಶಾಲೆಗೆ ರಜೆಯಿದ್ದದ್ದರಿಂದ ನಾನೂ ಡಬ್ಬಿ ಹೊರಲು ಹೋಗಿದ್ದೆ. ನಿರ್ದೇಶಕನಿಗೆ ಅವಳ ಬಾಟಲಿ ಹಿಡಿಸಲಿಲ್ಲ. ತೀರ ಹಗುರ, ಹೊಡೆತಕ್ಕೆ ತೂಕವಿಲ್ಲ, ನೋಡುವವರಿಗೆ ನೋವೇ ಅನಿಸುವುದಿಲ್ಲ ಎಂದ. ಎರಡರಷ್ಟು ದಪ್ಪ ಮಾಡಿ ಎಂದ. ಅವಳು ಆಗದೆಂದಳು. ಸರಿ ಎಂದು ತನ್ನ ಕಲಾವಿಭಾಗದವರಿಂದಲೇ ಹನ್ನೆರಡು ಬಾಟಲಿ ಹುಯ್ಯಿಸಿದ. ಅಷ್ಟರಲ್ಲಿ ಮಳೆ ಹಿಡಿಯಿತು. ಚಿತ್ರೀಕರಣ ಒಂದು ದಿನ ಮುಂದಕ್ಕೆ ಹೋಯಿತು. ಆ ಹನ್ನೆರಡು ಬಾಟಲಿಗಳು ತಗಡಿನ ಶೆಡ್ಡಿನಲ್ಲಿ, ಬರಿಯ ಮೇಜಿನ ಮೇಲೆ, ಇಡೀ ದಿನ ಮಳೆಗಾಳಿ ಕುಡಿಯುತ್ತ ನಿಂತವು.

ಮರುದಿನ ಮಧ್ಯಾಹ್ನ ಹೋಟೆಲಿನ ಸೆಟ್ಟಿನಲ್ಲಿ ದೀಪ ಹತ್ತಿತು. ಬೋಳಣ್ಣನ ಕುರ್ಚಿ ಸಿದ್ಧವಾಯಿತು. ಪಾಕದಕ್ಕ ಮೇಜಿನ ಬಳಿ ಹೋಗಿ ಒಂದು ಬಾಟಲಿಗೆ ಉಗುರು ಒತ್ತಿದಳು. ಉಗುರಿನ ಗುರುತು ಬಿತ್ತು. ಗಾಜಾಗಿದ್ದರೆ ಬೀಳಬಾರದಿತ್ತು. ನನ್ನ ಮುಖ ನೋಡಿದಳು. ತೇವ ಸೇರಿದ ಸಕ್ಕರೆ ಒಡೆಯುವ ಬುದ್ಧಿ ಬಿಟ್ಟು ಬಗ್ಗುವ ಬುದ್ಧಿ ಕಲಿಯುತ್ತದೆ, ಅಷ್ಟು ದಪ್ಪವಿದ್ದರೆ ಅದು ಬಾಟಲಿಯಲ್ಲ, ಕೊಡತಿ.

"ಇವತ್ತು ಬೇಡ," ಎಂದಳು ನಿರ್ದೇಶಕನಿಗೆ. "ಇದು ಒಡೆಯಲ್ಲ, ಬಡಿಯುತ್ತೆ. ಒಣಗಿದ್ದು ನನ್ನ ಡಬ್ಬೀಲಿದೆ. ಬೇಕಿದ್ರೆ ಅದನ್ನ ತಗೊಳ್ಳಿ."

"ನಿಮ್ಮದನ್ನ ಬೇಡ ಅಂದಾಯ್ತಲ್ಲಮ್ಮ. ಪಕ್ಕಕ್ಕೆ ನಿಂತ್ಕೊಳ್ಳಿ."

"ನಾನು ಮಾಡಿದ್ದರಲ್ಲಿ ಮೊದಲನೇದು ನನ್ನ ತಲೆಗೆ. ಇದು ನೀವು ಮಾಡಿಸಿದ್ದು. ಮೊದಲನೇದು ನಿಮ್ಮ ತಲೆಗೆ ಆಗಲಿ. ಆಮೇಲೆ ನಾನು ಮಾತಾಡಲ್ಲ."

ಯಾರೋ ನಕ್ಕರು. ನಿರ್ದೇಶಕನ ಕಿವಿ ಕೆಂಪಗಾಯಿತು. ಇವರನ್ನ ಹೊರಗೆ ಕಳಿಸಿ ಎಂದ. ಅವಳು ಹೊರಗೆ ಹೋಗಲಿಲ್ಲ. ನೇರವಾಗಿ ದೀಪಗಳ ನಡುವೆ ನಡೆದು ಬೋಳಣ್ಣನ ಕುರ್ಚಿಯಲ್ಲಿ ಕುಳಿತಳು. ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡಳು.

ಕಾವಲಿನವರು ಇಬ್ಬರು ಬಂದು ನಿಂತರು. ಐವತ್ತೆಂಟು ವರ್ಷದ ಹೆಂಗಸನ್ನು ಎಲ್ಲಿ ಹಿಡಿದು ಎತ್ತುವುದೆಂದು ಅವರಿಗೆ ತಿಳಿಯಲಿಲ್ಲ. ಬೋಳಣ್ಣ ಹತ್ತಿರ ಬಂದು ಬಗ್ಗಿದ. ಅವನು ಅವಳ ಪರ ಮಾತಾಡುತ್ತಾನೆಂದುಕೊಂಡಿದ್ದೆ.

"ಏಳಕ್ಕ," ಎಂದ ಮೆಲ್ಲಗೆ. "ಈ ಮನುಷ್ಯ ಬೇಡ ಅಂದ್ರೆ ನನ್ನನ್ನ ಇನ್ಯಾರೂ ಕರೆಯಲ್ಲ. ನಿನ್ನ ದಮ್ಮಯ್ಯ, ನನ್ನ ಅನ್ನ ಕಳೀಬೇಡ. ಇಂಥ ಏಟು ಎಷ್ಟು ತಿಂದಿಲ್ಲ."

"ಇಂಥದ್ದು ತಿಂದಿಲ್ಲ. ಅನ್ನ ತಿನ್ನೋಕೆ ತಲೆ ಇರಬೇಕು ಬೋಳಣ್ಣ. ನಾನು ಏಳಲ್ಲ."

"ನನ್ನ ತಲೆ, ನನ್ನಿಷ್ಟ."

"ಅದನ್ನ ನನ್ನ ಕೈಗೆ ಬರೆದುಕೊಟ್ಟೋನು ನೀನೇ. ವಾಪಸು ಕೊಡೋದಿಲ್ಲ."

ಬೋಳಣ್ಣನಿಗೆ ಸಿಟ್ಟು ಬಂತು. ಅವಳ ಮೇಲೋ, ನಿರ್ದೇಶಕನ ಮೇಲೋ, ತನ್ನ ಮೇಲೋ ಅವನಿಗೇ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿದ. ದುಡುದುಡು ಮೇಜಿನ ಕಡೆ ಹೋಗಿ ಒಂದು ಬಾಟಲಿ ಎತ್ತಿಕೊಂಡ. "ನೋಡು, ಏನಾಗುತ್ತೆ ನೋಡು," ಎನ್ನುತ್ತ ಅವಳ ಪಕ್ಕದಲ್ಲಿದ್ದ ಮರದ ಕಂಬಕ್ಕೆ ಬೀಸಿದ.

ಧಡ್ ಎಂದು ಸದ್ದು ಬಂತು. ಬಾಟಲಿ ಒಡೆಯಲಿಲ್ಲ. ಅವನ ಕೈಯೇ ಹಿಂದಕ್ಕೆ ಚಿಮ್ಮಿತು. ಇನ್ನೊಮ್ಮೆ ಬೀಸಿದ. ಈ ಸಲ ಕುತ್ತಿಗೆ ಮುರಿದು ಅವನ ಮುಷ್ಟಿಯಲ್ಲೇ ಉಳಿಯಿತು, ಹೊಟ್ಟೆಯ ಭಾಗ ಇಡಿಯಾಗಿ ನೆಲಕ್ಕೆ ಬಿದ್ದು ಉರುಳುತ್ತ ಕ್ಯಾಮೆರಾದ ಕಾಲಿಗೆ ತಾಗಿ ನಿಂತಿತು. ಕಂಬದ ಮೆದು ಮರದಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು.

ಬೋಳಣ್ಣ ಆ ತಗ್ಗನ್ನು ಮುಟ್ಟಿ ನೋಡಿದ. ಆಮೇಲೆ ತನ್ನ ತಲೆ ಮುಟ್ಟಿಕೊಂಡ. ಏಟು ಕೊಡಬೇಕಿದ್ದ ನಾಯಕ ನಟ ಎದ್ದು ತನ್ನ ಕೋಣೆಗೆ ಹೋದ, ನನ್ನ ಕೈಯಲ್ಲಿ ಹೊಡೆಸೋಕೆ ಹೊರಟಿದ್ರಾ ಇದನ್ನ, ಎಂದಷ್ಟೇ ಹೇಳಿ. ಅಂದಿನ ಚಿತ್ರೀಕರಣ ಅಲ್ಲಿಗೇ ಮುಗಿಯಿತು.

ಇಷ್ಟಾದ ಮೇಲೆ ಎಲ್ಲರೂ ಅವಳಿಗೆ ಕೈಮುಗಿದರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಕೆಲಸ ನಿಲ್ಲಿಸಿದ ಹೆಂಗಸೆಂದು ಅವಳ ಮೇಲೆ ದೂರು ಹೋಯಿತು. ದೊಡ್ಡ ಸ್ಟುಡಿಯೋಗಳ ಬಾಗಿಲು ಮುಚ್ಚಿದವು. ಆ ಚಿತ್ರಕ್ಕೆ ಸಕ್ಕರೆಯದರ ಬದಲು ರಾಳದ ಬಾಟಲಿ ತರಿಸಿಕೊಂಡು ಬೇರೆ ನಟನನ್ನು ಹಾಕಿಕೊಂಡರು. ಪಾತ್ರ ಹೋದ ಬೋಳಣ್ಣ ಏಳು ತಿಂಗಳು ಅವಳ ಜೊತೆ ಮಾತು ಬಿಟ್ಟ. ಅದೊಂದು ಅವಳನ್ನು ಕಾಡಿತು. ಉಳಿದದ್ದಕ್ಕೆ ಅವಳು ಬಗ್ಗಲಿಲ್ಲ. ನಿರ್ದೇಶಕರ ಕಡೆಯವನೊಬ್ಬ ಬಂದು, ಒಂದು ಮಾತು ತಪ್ಪಾಯ್ತು ಅಂದುಬಿಡಿ, ಎಲ್ಲ ಸರಿಹೋಗುತ್ತೆ ಎಂದ. "ಆ ಮಾತು ನನಗೆ ಬರಲ್ಲ. ಒಂದ್ಸಲ ಟೈಪ್ ಮಾಡಿ ಕೊಟ್ಟಾಗಲೂ ಬರಲಿಲ್ಲ," ಎಂದು ಬರಿಚಹಾ ಕುಡಿಸಿ ಕಳಿಸಿದಳು.

ಮತ್ತೆ ನಾಟಕದವರಿಗೆ ಬಾಟಲಿ ಹುಯ್ಯತೊಡಗಿದಳು. ಕೆಲಸ ಕಡಿಮೆಯಿತ್ತು. ಬೆಳಗಿನ ಹೊತ್ತು ನಮ್ಮ ಮನೆಗೆ ಬಂದು ನನ್ನ ಹಳೆಯ ಪಠ್ಯಪುಸ್ತಕಗಳನ್ನು ಓದುತ್ತಿದ್ದಳು. ಪಾಕ ಬಣ್ಣ ತಿರುಗುವುದು ಎಷ್ಟು ಡಿಗ್ರಿಗೆ, ಸುಟ್ಟಾಗ ಬರುವ ಆ ವಾಸನೆ ಎಲ್ಲಿಂದ, ಹುಳಿ ಎಷ್ಟು ಹೊತ್ತಿಗೆ ಎಷ್ಟು ಜೋಡಿ ಮುರಿಯುತ್ತದೆ. ಪುಸ್ತಕ ಹೇಳಿದ್ದನ್ನು ಒಲೆಯ ಮೇಲೆ ಪರೀಕ್ಷಿಸಿ, ಹೊಂದದಿದ್ದರೆ ಪುಸ್ತಕದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆಯುತ್ತಿದ್ದಳು. ಎರಡು ಕಡೆ ಅವಳೇ ಸರಿ. ಪುಸ್ತಕದ್ದು ಮುದ್ರಣದ ತಪ್ಪು.

ಎಂಟನೆಯ ತಿಂಗಳು ಬೋಳಣ್ಣ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಹಿಂದೆ ಇನ್ನೂ ಆರು ಜನ, ಎಲ್ಲರೂ ಬೀಳುವವರು, ಹಾರುವವರು, ಏಟು ತಿನ್ನುವವರು. ಒಂದೂವರೆ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ.

"ನನ್ನ ಜಾಗಕ್ಕೆ ಹಾಕಿಕೊಂಡ್ರಲ್ಲ, ಆ ಹುಡುಗ, ಬೇರೊಂದು ಚಿತ್ರದಲ್ಲಿ ರಾಳದ ಬಾಟಲಿಯ ಏಟು ತಿಂದು ಹನ್ನೊಂದು ಹೊಲಿಗೆ ಹಾಕಿಸಿಕೊಂಡ," ಎಂದ. "ಅವತ್ತು ನೀನು ಎದ್ದಿದ್ರೆ ನಾನು ಕೂರ್ತಿದ್ದೆ ಅಕ್ಕ."

"ಕೂರ್ತಿದ್ದೆ ಅಂತ ನನಗೂ ಗೊತ್ತಿತ್ತು. ಚಹಾಕ್ಕೆ ಸಕ್ಕರೆ ಎಷ್ಟು?"

ಅವರೆಲ್ಲ ಸೇರಿ ಒಂದು ಕಾಗದ ಬರೆದಿದ್ದರು. ಪರೀಕ್ಷೆ ಮಾಡದ ಯಾವ ಗಾಜನ್ನೂ ಮೈಮೇಲೆ ಹಾಕಿಸಿಕೊಳ್ಳುವುದಿಲ್ಲ, ಪರೀಕ್ಷೆ ನಮ್ಮ ಕಣ್ಣೆದುರೇ ಆಗಬೇಕು ಎಂದು. ಮೊದಲ ವರ್ಷ ಅದಕ್ಕೆ ಇಪ್ಪತ್ತು ಜನ ಸೈನ್ ಹಾಕಿದರು, ಮೂವರು ಕೆಲಸ ಕಳೆದುಕೊಂಡರು. ಮೂರನೆಯ ವರ್ಷಕ್ಕೆ ನೂರಾನಲವತ್ತು ಜನರಾದರು. ಅಷ್ಟು ಜನರನ್ನು ಬಿಟ್ಟು ಹೊಡೆದಾಟದ ಚಿತ್ರ ತೆಗೆಯುವುದು ಹೇಗೆ? ಸ್ಟುಡಿಯೋಗಳು ಒಪ್ಪಿಕೊಂಡವು. ಆ ನಿರ್ದೇಶಕ ಒಪ್ಪಲಿಲ್ಲ, ಅವಳನ್ನು ಕರೆಯಲೂ ಇಲ್ಲ. ಉಳಿದವರು ಕರೆದರು.

ಈಗ ಅವಳಿಗೆ ಅರವತ್ತೇಳು. ಕಾರ್ಖಾನೆ ಮುಚ್ಚಿದಾಗ ಹೊರಬಿದ್ದ ಮೂವರು ಹೆಂಗಸರು ಅವಳ ಜೊತೆಗಿದ್ದಾರೆ. ಹಳೆಯ ಮರದ ಗೋದಾಮಿನಲ್ಲಿ ಕೆಲಸ ನಡೆಯುತ್ತದೆ. ಕಳೆದ ವಾರ ಹೋದಾಗ ಆಳೆತ್ತರದ ಒಂದು ಕಿಟಕಿ ಗಾಜು ಹುಯ್ಯುತ್ತಿದ್ದರು. ಅಷ್ಟು ದೊಡ್ಡದನ್ನು ಇದುವರೆಗೆ ಮಾಡಿಲ್ಲ. ಅಂಚು ಬೇಗ ಆರುತ್ತದೆ, ನಡುಭಾಗ ನಿಧಾನ, ಎಳೆದಾಟಕ್ಕೆ ಸಿಕ್ಕಿ ಬಿರುಕು ಬಿಡುತ್ತದೆ. ಎರಡು ಆಗಲೇ ಹೋಗಿದ್ದವು.

"ಎರಡು ಹೋಳು ಮಾಡಿ, ನಡುವೆ ಒಂದು ಮರದ ಪಟ್ಟಿ ಕೊಡಿ," ಎಂದೆ. "ಎಲ್ಲರೂ ಹಾಗೇ ಮಾಡ್ತಾರೆ."

"ಮಾಡಲಿ ಬಿಡಿ," ಎಂದಳು. ಅಂಚಿನ ಸುತ್ತ ಬಿಸಿ ಇಟ್ಟಿಗೆ ಜೋಡಿಸುತ್ತ, ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. "ಬೆಳಕಿಗೆ ಅಡ್ಡ ನಿಲ್ಲಬೇಡಿ ಮೇಷ್ಟ್ರೇ."